ಬಿಲ್ದದನ ಮಾತು ಬೇಕರಿಯ ಗೋಡೆಯಲ್ಲಿ

ಉಡುಪಿಯಲ್ಲಿ ಗೆಳೆಯನೊಬ್ಬ ಬೇಕರಿ ಇಟ್ಟಾಗ, ಗೋಡೆಗೆ ಹಾಕಲು ಒಳ್ಳೆಯ ಬೈಬಲ್ ವಚನ ಒಂದು ಹೇಳು ಮಾರಾಯಾ ಅಂದ. ನಾನು ಚರ್ಚಿನ ಸಂಡೇ ಸ್ಕೂಲಿನಲ್ಲಿ ಪಾಠ ಮಾಡುವವನು, ನನಗೇನು ಕಷ್ಟ? ನಿಂತಲ್ಲೇ ಹೇಳಿದೆ: ಯೋಬ 8:7, ಅಂದರೆ ಯೋಬನ ಪುಸ್ತಕದ ಎಂಟನೇ ಅಧ್ಯಾಯದ ಏಳನೇ ವಚನ. ನಿನ್ನ ಮೊದಲಿನ ಸ್ಥಿತಿ ಚಿಕ್ಕದಾಗಿದ್ದರೂ ಕೊನೆಗೆ ನೀನು ಬಹಳ ವೃದ್ಧಿಯಾಗುವೆ ಎಂಬ ಅರ್ಥದ ಮಾತು. ಹೊಸ ಅಂಗಡಿಗೆ ಇದಕ್ಕಿಂತ ಒಳ್ಳೆಯದು ಬೇಕಾ? ಅವನು ಚಿನ್ನದ ಬಣ್ಣದ ಅಕ್ಷರದಲ್ಲಿ ಬರೆಸಿ, ಫ್ರೇಮ್ ಹಾಕಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ.

ಕೆಲವು ತಿಂಗಳು ಕಳೆದು ಯೋಬನ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಲು ಕೂತೆ. ಎಂಟನೇ ಅಧ್ಯಾಯಕ್ಕೆ ಬಂದಾಗ ಮುಖ ಬಿಸಿಯಾಯಿತು. ಆ ಮಾತು ದೇವರದ್ದಲ್ಲ, ಯೋಬನದ್ದೂ ಅಲ್ಲ. ಯೋಬನನ್ನು ಸಮಾಧಾನಪಡಿಸಲು ಬಂದ ಮೂವರು ಗೆಳೆಯರಲ್ಲಿ ಒಬ್ಬನಾದ ಬಿಲ್ದದನದ್ದು. ಯೋಬನ ಹತ್ತು ಮಕ್ಕಳೂ ಒಂದೇ ದಿನ ಸತ್ತಿದ್ದಾರೆ. ದನ, ಒಂಟೆ, ಆಳುಗಳು ಎಲ್ಲ ಹೋಗಿದೆ. ಮೈತುಂಬ ಹುಣ್ಣು. ಬೂದಿಯಲ್ಲಿ ಕೂತು ಮಡಕೆಯ ಚೂರಿನಿಂದ ಕೆರೆದುಕೊಳ್ಳುತ್ತಿದ್ದಾನೆ. ಅಂಥವನ ಮುಂದೆ ಬಿಲ್ದದ ಏನು ಹೇಳುತ್ತಾನೆ ಗೊತ್ತಾ? ನಾಲ್ಕನೇ ವಚನ ನೋಡಿ: ನಿನ್ನ ಮಕ್ಕಳು ಪಾಪ ಮಾಡಿರಬೇಕು, ಅದಕ್ಕೇ ಹೀಗಾಯಿತು. ನೀನಾದರೂ ಸರಿಯಿದ್ದರೆ ದೇವರು ಎಲ್ಲ ವಾಪಸ್ ಕೊಡುತ್ತಾನೆ, ಕೊನೆಗೆ ಬಹಳ ವೃದ್ಧಿಯಾಗುವೆ. ಸಾವಿನ ಮನೆಗೆ ಬಂದು ಇಂಥ ಮಾತಾಡುವ ನೆಂಟರು ನಮ್ಮಲ್ಲೂ ಇದ್ದಾರೆ, ಅಲ್ವಾ?

ಪುಸ್ತಕದ ಕೊನೆಗೆ, 42:7ರಲ್ಲಿ, ದೇವರೇ ಈ ಗೆಳೆಯರ ಮೇಲೆ ಸಿಟ್ಟಾಗುತ್ತಾನೆ. ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ ಅನ್ನುತ್ತಾನೆ. ಅಂದರೆ ದೇವರು ಬೈದವನ ಮಾತನ್ನು ದೇವರ ಮಾತು ಅಂತ ನಾನು ಬೇಕರಿಯ ಗೋಡೆಗೆ ಏರಿಸಿದ್ದೆ.

ಬೈಬಲ್ ಓದುವವರು ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಅಂತ ಅವತ್ತು ನನಗೆ ತಿಳಿಯಿತು. ಇದು ನನಗೆ ಏನು ಹೇಳುತ್ತದೆ ಅನ್ನುವುದು ಆಮೇಲಿನ ಮಾತು. ಇದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳಿದರು ಅನ್ನುವುದು ಮೊದಲು.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಲು ತಾಳಮದ್ದಳೆ ಸಾಕು. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅರ್ಥ ಹೇಳುತ್ತಾರೆ. ಕೃಷ್ಣಸಂಧಾನದಲ್ಲಿ ಕೌರವನ ಅರ್ಥ ಹೇಳುವವರು ಗಟ್ಟಿಗರಾಗಿದ್ದರೆ ಸಭೆಯೇ ಅವನ ಕಡೆ ವಾಲುತ್ತದೆ. ಐದು ಗ್ರಾಮ ಯಾಕೆ ಕೊಡಬೇಕು ಅಂತ ನಮಗೂ ಅನ್ನಿಸುತ್ತದೆ. ಹಾಗಂತ ಬೆಳಗಾದ ಮೇಲೆ, ಕವಿಯೇ ಹೇಳಿದ್ದಾನೆ ಅಂತ ತಮ್ಮನ ಪಾಲಿನ ಗದ್ದೆ ನುಂಗಲು ಯಾರೂ ಹೊರಡುವುದಿಲ್ಲ. ಆ ಮಾತು ಕೌರವನ ಬಾಯಲ್ಲಿ ಬಂದದ್ದು, ಪ್ರಸಂಗ ಇನ್ನೂ ಮುಗಿದಿಲ್ಲ ಅಂತ ಸಭೆಗೆ ಗೊತ್ತು. ಅಂದ ಹಾಗೆ, ನಮ್ಮ ಚರ್ಚುಗಳಲ್ಲಿ ಪಾಸ್ಟರ್ ಮಾಡುವ ಉಪದೇಶಕ್ಕೂ ಪ್ರಸಂಗ ಅಂತಲೇ ಹೆಸರು.

ಇಲ್ಲೊಂದು ತೊಡಕು ಉಂಟು. ಯೋಬನ ಗೆಳೆಯರು ಆಡಿದ್ದೆಲ್ಲ ಕಸ ಅಂತ ಎಸೆಯುವ ಹಾಗೂ ಇಲ್ಲ. ಇನ್ನೊಬ್ಬ ಗೆಳೆಯ ಎಲೀಫಜನ ಒಂದು ಮಾತನ್ನು, ಮೊದಲ ಕಾಲದ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಪೌಲನೇ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, 3:19ರಲ್ಲಿ, ಶಾಸ್ತ್ರವಚನ ಅಂತ ಎತ್ತಿ ಹೇಳುತ್ತಾನೆ. ದೇವರು ಜಾಣರನ್ನು ಅವರ ಜಾಣತನದಲ್ಲೇ ಹಿಡಿಯುತ್ತಾನೆ ಅನ್ನುವ ಮಾತು ಅದು. ಮಾತು ನಿಜ. ಎಲೀಫಜ ಅದನ್ನು ತಪ್ಪು ಮನುಷ್ಯನ ಮೇಲೆ ಪ್ರಯೋಗಿಸಿದ, ಅಷ್ಟೇ. ಅಷ್ಟು ಸೂಕ್ಷ್ಮ ಇದೆ ಇದರಲ್ಲಿ.

ವಚನಗಳನ್ನು ಹೀಗೆ ಕಿತ್ತು ತೆಗೆಯುವುದು ಸುಲಭವಾದದ್ದು ಅಂಕೆಗಳಿಂದ. ಮೂಲದಲ್ಲಿ ಅಧ್ಯಾಯವೂ ಇರಲಿಲ್ಲ, ವಚನದ ಸಂಖ್ಯೆಯೂ ಇರಲಿಲ್ಲ. ಈಗ ನಾವು ಬಳಸುವ ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ ಆರಂಭದ್ದು, ಸ್ಟೀಫನ್ ಲ್ಯಾಂಗ್ಟನ್ ಎಂಬವರ ಹೆಸರಿಗೆ ಸೇರುತ್ತದೆ. ಹೊಸ ಒಡಂಬಡಿಕೆಯ, ಅಂದರೆ ಬೈಬಲಿನ ಯೇಸುವಿನಿಂದೀಚಿನ ಭಾಗದ, ವಚನಗಳಿಗೆ ಈಗಿನ ಅಂಕೆ ಹಾಕಿದವರು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು, 1551ರಲ್ಲಿ. ಪೌಲನ ಪತ್ರ ಬಂದಾಗ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಕೂತು ಪೂರ್ತಿ ಕೇಳುತ್ತಿದ್ದರು. ಯಾರಾದರೂ ನಮಗೆ ಬರೆದ ಪತ್ರದ ನಡುವಿನ ಒಂದು ಸಾಲನ್ನು ಮಾತ್ರ ಓದಿ ಮಡಚಿಡುತ್ತೇವಾ?

ನಮ್ಮಲ್ಲಿ ಕೆಲವು ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಚೀಟಿ ತೆಗೆಯುವ ಪದ್ಧತಿ ಇದೆ. ತಟ್ಟೆಯಿಂದ ಒಂದು ಚೀಟಿ ಎತ್ತಿಕೊಳ್ಳುವುದು, ಅದರಲ್ಲಿರುವ ವಚನ ಆ ವರ್ಷಕ್ಕೆ ನಿಮ್ಮದು. ಅದರಲ್ಲಿ ಯೆರೆಮೀಯ 29:11 ಸಿಕ್ಕಿದರೆ ಮುಖ ಅರಳುತ್ತದೆ. ನಿಮಗಾಗಿ ನಾನು ಮಾಡಿಕೊಂಡಿರುವ ಯೋಜನೆ ಕೇಡಿಗಲ್ಲ, ಒಳಿತಿಗೆ ಎಂಬ ವಚನ. ವೀಸಾ ಕಾಯುತ್ತಿರುವ ಹುಡುಗನಿಗೆ ಈ ವರ್ಷ ಗಲ್ಫ್ ಗ್ಯಾರಂಟಿ ಅಂತಲೇ ಲೆಕ್ಕ.

ಆದರೆ ಒಂದು ಸಾಲು ಮೇಲೆ ಕಣ್ಣು ಹಾಯಿಸಿ. 29:10ರಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ ಎಂದಿದೆ. ಇದು ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದಿಗಳಿಗೆ ಯೆರೆಮೀಯ ಪ್ರವಾದಿ ಯೆರೂಸಲೇಮಿನಿಂದ ಬರೆದ ಪತ್ರ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ, ಇನ್ನೆರಡೇ ವರ್ಷದಲ್ಲಿ ಎಲ್ಲ ವಾಪಸ್ ಅಂತ ಜನರಿಗೆ ಆಸೆ ಹುಟ್ಟಿಸಿದ್ದ. ಯೆರೆಮೀಯ ಅದನ್ನು ಸುಳ್ಳು ಅಂದ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿನ ಮುಖ ಮತ್ತೆ ನೋಡದೆಯೇ ಕಣ್ಣು ಮುಚ್ಚಿರಬೇಕು. ಒಳಿತಿನ ಮಾತು ಅವರ ಇಡೀ ಜನಾಂಗಕ್ಕೆ ಹೇಳಿದ್ದು, ಒಬ್ಬೊಬ್ಬನ ಈ ವರ್ಷದ ಕೆಲಸಕ್ಕಲ್ಲ.

ಹಾಗಾದರೆ ನಮಗೆ ಅದರಲ್ಲಿ ಏನೂ ಇಲ್ಲವಾ? ನನ್ನನ್ನು ಕೇಳಿದರೆ ಜಾಸ್ತಿಯೇ ಇದೆ. ಅದೇ ಪತ್ರದ 5ರಿಂದ 7ನೇ ವಚನದವರೆಗೆ ಓದಿ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವು ಹೋಗಿ ಸೇರಿದ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅನ್ನುತ್ತದೆ. ಮುಂಬೈ, ಕುವೈತ್, ದುಬೈ ಅಂತ ಹರಡಿಕೊಂಡ ನಮ್ಮ ಕರಾವಳಿಯ ಮನೆಗಳಿಗೆ ಇದಕ್ಕಿಂತ ಹತ್ತಿರದ ಮಾತು ಉಂಟಾ? ಆದರೆ ಈ ಮೂರು ವಚನ ಚೀಟಿಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ಪೌಲ ಫಿಲಿಪ್ಪಿಯವರಿಗೆ ಬರೆದ 4:13ರದ್ದೂ ಇದೇ ಪಾಡು. ಬಲಕೊಡುವಾತನಿಂದ ನಾನು ಎಲ್ಲಕ್ಕೂ ಶಕ್ತ ಎಂಬ ವಚನ ಪರೀಕ್ಷೆಗೆ, ಕ್ರಿಕೆಟ್ ಟೂರ್ನಮೆಂಟಿಗೆ ಎಲ್ಲ ಸಲ್ಲುತ್ತದೆ. ಬರೆದವನು ಆಗ ಸೆರೆಯಲ್ಲಿದ್ದ. ಹಿಂದಿನ ವಚನದಲ್ಲಿ ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರಬಲ್ಲೆ ಅನ್ನುತ್ತಾನೆ. ಕಪ್ ಸೋತವರಿಗೆ ಹೆಚ್ಚು ಹೊಂದುವ ವಚನ ಅದು.

ಇನ್ನು ಬರಹದ ಜಾತಿ ನೋಡುವುದು. ಬೈಬಲ್ ಒಂದು ಪುಸ್ತಕ ಅನ್ನುವುದಕ್ಕಿಂತ ಒಂದು ಕಪಾಟು ಅನ್ನುವುದು ಸರಿ. ಪ್ರೊಟೆಸ್ಟೆಂಟರ ಕಪಾಟಿನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ಅದರಲ್ಲಿ ಕಾನೂನು ಇದೆ, ರಾಜರ ಕಥೆ ಇದೆ, ಹಾಡು, ಗಾದೆ, ಪತ್ರ, ಕನಸು, ಪ್ರೇಮಗೀತೆ ಎಲ್ಲ ಇದೆ. ಕರೆಂಟ್ ಬಿಲ್ಲನ್ನು ಓದುವ ಹಾಗೆ ಭಾವಗೀತೆಯನ್ನು ಓದಿದರೆ ಎರಡೂ ಕೆಡುತ್ತವೆ. ಜ್ಞಾನೋಕ್ತಿಗಳು 26:4ರಲ್ಲಿ ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕ ಉತ್ತರ ಕೊಡಬೇಡ ಅಂತ ಇದೆ. ಅದರ ಬೆನ್ನಿಗೇ 26:5ರಲ್ಲಿ ಉತ್ತರ ಕೊಡು ಅಂತ ಇದೆ! ಬೈಬಲಿನಲ್ಲಿ ತಪ್ಪು ಹುಡುಕುವವರಿಗೆ ಹಬ್ಬ. ಆದರೆ ಗಾದೆ ಬಳಸಿ ಬೆಳೆದವರಿಗೆ ಇದರಲ್ಲಿ ಗೋಜಲೇ ಇಲ್ಲ. ನಿಧಾನವೇ ಪ್ರಧಾನ ಅನ್ನುವ ಬಾಯಲ್ಲೇ ಶುಭಸ್ಯ ಶೀಘ್ರಂ ಅನ್ನುತ್ತೇವೆ. ಯಾವ ಹೊತ್ತಿಗೆ ಯಾವುದು ಅಂತ ತಿಳಿಯುವುದೇ ಬುದ್ಧಿ. ಎರಡು ಗಾದೆಗಳನ್ನು ಪಕ್ಕಪಕ್ಕ ಇಟ್ಟವನೂ ಅದನ್ನೇ ಹೇಳಿದ್ದು.

ಅಕ್ಷರಾರ್ಥ ಅನ್ನುವ ಪದವೂ ಹೀಗೇ ಜನರನ್ನು ದಾರಿ ತಪ್ಪಿಸುತ್ತದೆ. ಬಲಗಣ್ಣು ನಿನ್ನನ್ನು ಪಾಪಕ್ಕೆ ನೂಕಿದರೆ ಕಿತ್ತು ಬಿಸಾಡು ಎಂದು ಯೇಸು ಹೇಳಿದ್ದಾನೆ. ಚರ್ಚಿನಲ್ಲಿ ಎಲ್ಲರಿಗೂ ಎರಡೆರಡು ಕಣ್ಣು ಇನ್ನೂ ಇದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು ಅಂದರೆ ನಾವು ಹಾಲು ಹುಡುಕುವುದಿಲ್ಲ. ಹಳೆಯ ವ್ಯಾಖ್ಯಾನಕಾರರಿಗೆ ಅಕ್ಷರಾರ್ಥ ಅಂದರೆ ಬರೆದವನು ಹೇಳಹೊರಟ ಅರ್ಥ. ಅವನು ಉಪಮೆಯಲ್ಲಿ ಹೇಳಿದ್ದರೆ ಉಪಮೆಯೇ ಅಕ್ಷರಾರ್ಥ. ಮಧ್ಯಯುಗದವರು ಅದರ ಮೇಲೆ ಇನ್ನೂ ಮೂರು ಅರ್ಥ ಕಟ್ಟುತ್ತಿದ್ದರು. ಯೆರೂಸಲೇಮ್ ಅಂದರೆ ಒಂದು ಊರು, ಜೊತೆಗೆ ಕ್ರೈಸ್ತ ಸಭೆ, ಮನುಷ್ಯನ ಆತ್ಮ, ಕೊನೆಗೆ ಸ್ವರ್ಗ. ಚೆಂದವೇ. ಆದರೆ ಬುಡ ಅಕ್ಷರಾರ್ಥದಲ್ಲೇ ಇರಬೇಕು ಅಂತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಹೇಳಿದ್ದ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಬರುವ ಮೃಗದ ಸಂಖ್ಯೆ 666 ಅಂದರೆ ಆಧಾರ್ ಕಾರ್ಡ್ ಅಂದವರನ್ನೂ ನಾನು ಕೇಳಿದ್ದೇನೆ. ಬುಡ ಬಿಟ್ಟ ಬಳ್ಳಿ ಎಲ್ಲಿಗೂ ಹಬ್ಬುತ್ತದೆ, ಅಷ್ಟೇ ಹೇಳುತ್ತೇನೆ.

ನನಗೆ ಇಷ್ಟದ ಭಾಗಕ್ಕೆ ಬರೋಣ. ಬೈಬಲಿನ ಲೋಕ ಮತ್ತು ನಮ್ಮ ಲೋಕ. ಪಟ್ಟಣದಲ್ಲಿ ಬೆಳೆದವರಿಗೆ ಬಲೆ, ಬಿತ್ತನೆ, ಕುರಿ ಎಲ್ಲ ಚಿತ್ರದಲ್ಲಿ ಕಂಡದ್ದು. ಕರಾವಳಿಯವರಿಗೆ ಅರ್ಧ ಕಥೆ ಮನೆ ಅಂಗಳದ್ದು. ಮತ್ತಾಯ 13:47ರಲ್ಲಿ ಯೇಸು ಪರಲೋಕರಾಜ್ಯವನ್ನು ಬಲೆಗೆ ಹೋಲಿಸುತ್ತಾನೆ. ಬಲೆ ಬೀಸಿದರು, ಎಲ್ಲ ತರದ ಮೀನು ಬಂತು, ತುಂಬಿದ ಮೇಲೆ ದಡಕ್ಕೆ ಎಳೆದರು, ಕೂತುಕೊಂಡು ಒಳ್ಳೆಯದನ್ನು ಪಾತ್ರೆಗೆ ಹಾಕಿದರು, ಕೆಟ್ಟದ್ದನ್ನು ಬಿಸಾಡಿದರು. ಗ್ರೀಕ್ ಮೂಲದಲ್ಲಿ ಇರುವ ಪದ ಸಗೇನೆ. ದಡಕ್ಕೆ ಎಳೆಯುವ ಉದ್ದದ ಬಲೆ. ನಮ್ಮ ಕೈರಂಪಣಿಯೇ!

ಮಲ್ಪೆ ಕಡೆ ಕೈರಂಪಣಿ ಎಳೆಯುವುದನ್ನು ನೋಡಿದವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡೂ ಕೊನೆಯ ಹಗ್ಗ ಹಿಡಿದು ಎರಡು ಸಾಲು ಜನ ಹಿಮ್ಮಡಿಯನ್ನು ಮರಳಲ್ಲಿ ಊರಿ ಎಳೆಯುತ್ತಾರೆ. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಬೂತಾಯಿ, ಬಂಗುಡೆ, ಬೊಂಡಾಸ್ ಅನ್ನುವ ಸ್ಕ್ವಿಡ್, ಏಡಿ, ಸಿಗಡಿ, ಲೋಳೆಮೀನು, ಒಂದು ಹರಿದ ಚಪ್ಪಲಿ, ಎಲ್ಲ ಒಟ್ಟಿಗೆ ಮಿಲಮಿಲ ಅನ್ನುತ್ತದೆ. ಆರಿಸುವುದು ಆಮೇಲೆ. ನೀರಿನಲ್ಲಿ ಬಲೆ ಯಾರನ್ನೂ ಆರಿಸುವುದಿಲ್ಲ. ಸಾಮ್ಯದ ತಿರುಳು ಇದೇ: ಈಗಲೇ ಯಾರು ಒಳ್ಳೆಯವರು, ಯಾರು ಕೆಟ್ಟವರು ಅಂತ ಬೇರ್ಪಡಿಸಲು ಅವಸರ ಮಾಡಬೇಡಿ.

ಇಲ್ಲಿಯವರೆಗೆ ನಮ್ಮ ಕಡಲು ನಮಗೆ ಸಹಾಯ ಮಾಡಿತು. ಆದರೆ ಕೆಟ್ಟ ಮೀನು ಅಂದಾಗ ನಮ್ಮ ಕಣ್ಣಿಗೆ ಬರುವುದು ಕೊಳೆತದ್ದು, ಇಲ್ಲ ಬೆಲೆ ಬಾರದ ಸಣ್ಣ ಮೀನು. ಯೇಸುವಿನ ಮುಂದೆ ಕೂತ ಯೆಹೂದಿ ಮೀನುಗಾರರ ತಲೆಯಲ್ಲಿ ಬೇರೆ ಪಟ್ಟಿಯೂ ಇತ್ತು. ಯಾಜಕಕಾಂಡ 11ರ ಪ್ರಕಾರ ರೆಕ್ಕೆ, ಹುರುಪೆ ಎರಡೂ ಇದ್ದರೆ ಮಾತ್ರ ನೀರಿನ ಜೀವಿಯನ್ನು ತಿನ್ನಬಹುದು. ಗಲಿಲಾಯದ ಕೆರೆಯಲ್ಲಿ ಹುರುಪೆ ಇಲ್ಲದ ಮೀಸೆಯ ಮೀನು ಇದೆ. ಅದು ಎಷ್ಟು ತಾಜಾ ಆಗಿದ್ದರೂ ಪಾತ್ರೆಗೆ ಸೇರದು. ಆ ಲೆಕ್ಕದಲ್ಲಿ ನಮ್ಮ ಸಿಗಡಿ, ಏಡಿ, ಬೊಂಡಾಸ್ ಎಲ್ಲ ಬಿಸಾಡುವ ರಾಶಿಗೆ! ನಾವು ಜಾಸ್ತಿ ದುಡ್ಡು ಕೊಟ್ಟು ತರುವುದು ಅದನ್ನೇ. ಅಂದ ಹಾಗೆ ಬೈಬಲಿನಲ್ಲಿ ಸಮುದ್ರ ಅನ್ನುವ ಆ ಗಲಿಲಾಯ ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್. ಉಡುಪಿಯಿಂದ ಹೊರಟರೆ ಮೂಲ್ಕಿ ಮುಟ್ಟುವ ಮೊದಲೇ ಮುಗಿದು ಹೋಗುತ್ತದೆ.

ನಾನು ಕಂಡ ಹಾಗೆ, ತೀರಾ ಅಪರಿಚಿತ ಜಾಗದಲ್ಲಿ ನಾವು ಅಷ್ಟು ತಪ್ಪುವುದಿಲ್ಲ. ಅರ್ಥವಾಗದಾಗ ಯಾರನ್ನಾದರೂ ಕೇಳುತ್ತೇವೆ. ನಮಗೆ ಗೊತ್ತಿದೆ ಅನ್ನಿಸುವ ಕಡೆಯೇ ಎಡವುವುದು. ಬಿತ್ತುವವನ ಸಾಮ್ಯ ಹೇಳಿದಾಗ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟು ಗೊತ್ತಿದ್ದ ಹಿರಿಯರೊಬ್ಬರು, ದಾರಿ ಮೇಲೆ, ಬಂಡೆ ಮೇಲೆ ಬೀಜ ಚೆಲ್ಲುವವನು ಎಂತ ಬೇಸಾಯಗಾರ ಅಂದರು. ಕೈಯಲ್ಲಿ ಬೀಜ ಎರಚಿ ಬಿತ್ತುವ ಒಣಭೂಮಿಯ ಚಿತ್ರ ಕೊಟ್ಟ ಮೇಲೆ ಸುಮ್ಮನಾದರು. ಇನ್ನೊಮ್ಮೆ ಸಂಡೇ ಸ್ಕೂಲಿನ ಹುಡುಗಿ, ಸಾಸಿವೆ ಎಲ್ಲಕ್ಕಿಂತ ಸಣ್ಣ ಬೀಜ ಅಂತ ಯೇಸು ಹೇಳಿದ್ದು ಸುಳ್ಳಲ್ವಾ ಸರ್, ನಮ್ಮ ಮನೆಯ ಗಸಗಸೆ ಅದಕ್ಕಿಂತ ಸಣ್ಣದು ಅಂದಳು. ಆ ಪ್ರಶ್ನೆಗೆ ಚಾಕಲೇಟ್ ಕೊಟ್ಟೆ. ಆಮೇಲೆ ಹೇಳಿದೆ, ನಿನಗೆ ಸಾಸಿವೆಕಾಳಿನಷ್ಟೂ ಬುದ್ಧಿ ಇಲ್ಲ ಅಂತ ಅಮ್ಮ ಬೈದಾಗ ನೀನು ಅಳತೆಪಟ್ಟಿ ತರುತ್ತೀಯಾ?

ಭಾಷೆಯದ್ದು ಇನ್ನೊಂದು ಕಥೆ. ಹಳೆ ಒಡಂಬಡಿಕೆಯ ಹೆಚ್ಚಿನ ಭಾಗ ಹೀಬ್ರೂ, ಸ್ವಲ್ಪ ಅರಾಮಾಯಿಕ್, ಹೊಸದು ಗ್ರೀಕ್. ನಾವು ಓದುವುದು ಅನುವಾದ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, 1841ರಲ್ಲಿ ಮುದ್ರಣಾಲಯ ತೆರೆಯಿತು. ಬೈಬಲಿನ ಮಾತಿಗೆ ತುಳುವಿನಲ್ಲಿ, ಕನ್ನಡದಲ್ಲಿ ಪದ ಹುಡುಕುವ ಒದ್ದಾಟ ಮಿಶನ್ ನೆಲೆಸಿದ್ದ ಬಲ್ಮಠದ ಗುಡ್ಡದಲ್ಲಿ ಎಷ್ಟು ನಡೆದಿರಬಹುದು! ಕಿಟ್ಟೆಲ್ ನಿಘಂಟು ಅಚ್ಚಾದದ್ದೂ ಮಂಗಳೂರಿನಲ್ಲೇ, 1894ರಲ್ಲಿ. ಆ ಒದ್ದಾಟ ಮುಗಿದಿಲ್ಲ. ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯದಲ್ಲಿ ಯೇಸು ನಿಕೊದೇಮನಿಗೆ ಅನೋಥೆನ್ ಹುಟ್ಟಬೇಕು ಅನ್ನುತ್ತಾನೆ. ಗ್ರೀಕಿನಲ್ಲಿ ಅದಕ್ಕೆ ಮೇಲಿಂದ ಎಂದೂ ಅರ್ಥ, ಮತ್ತೆ ಎಂದೂ ಅರ್ಥ. ನಿಕೊದೇಮ ಮತ್ತೆ ಅನ್ನುವುದನ್ನು ಮಾತ್ರ ಹಿಡಿದು, ಮುದುಕನಾದವನು ತಾಯಿಯ ಹೊಟ್ಟೆಗೆ ಮರಳಿ ಹೋಗುವುದು ಹೇಗೆ ಅಂತ ಕೇಳುತ್ತಾನೆ. ಇಡೀ ಸಂಭಾಷಣೆ ಆ ಶ್ಲೇಷೆಯ ಮೇಲೆ ನಿಂತಿದೆ. ಅನುವಾದಕರು ಒಂದನ್ನು ಆರಿಸಲೇಬೇಕು, ಇನ್ನೊಂದು ಜಾರಿ ಹೋಗುತ್ತದೆ. ಕನ್ನಡದಲ್ಲಿ ಮೇಲಿಂದ ಮೇಲೆ ಅಂದರೆ ಮತ್ತೆ ಮತ್ತೆ ಅಂತ ಆಗುತ್ತದಲ್ಲ, ಅದು ನೆನಪಾದಾಗಲೆಲ್ಲ ನಮ್ಮ ಭಾಷೆ ಗ್ರೀಕಿನ ಹತ್ತಿರ ಹೋಗಿ ತಪ್ಪಿಸಿಕೊಂಡಿತಲ್ಲ ಅನ್ನಿಸುತ್ತದೆ.

ಗ್ರೀಕ್ ಬಾರದವರು ಏನು ಮಾಡಬೇಕು? ಎರಡು ಅನುವಾದ ಪಕ್ಕದಲ್ಲಿ ಇಟ್ಟುಕೊಳ್ಳಿ. ನಮ್ಮ ಪ್ರೊಟೆಸ್ಟೆಂಟ್ ಮನೆಗಳ ಸತ್ಯವೇದದಲ್ಲಿ ಯೆಹೋವ ಎಂದಿರುವ ಕಡೆ ಕಥೋಲಿಕರ ಕನ್ನಡ ಬೈಬಲಿನಲ್ಲಿ ಸರ್ವೇಶ್ವರ ಎಂದಿರುತ್ತದೆ. ಹೀಬ್ರೂವಿನಲ್ಲಿ ಇರುವುದು ನಾಲ್ಕು ವ್ಯಂಜನದ ಒಂದು ಹೆಸರು, ಯೆಹೂದಿಗಳು ಅದನ್ನು ಬಾಯಿಬಿಟ್ಟು ಹೇಳದೆ ಒಡೆಯ ಎಂಬ ಅರ್ಥದ ಪದ ಹೇಳುತ್ತಾರೆ. ಎರಡು ಪುಸ್ತಕ ಬೇರೆಯಾಗಿ ಹೇಳಿದ ಕಡೆ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತದೆ.

ಅರ್ಥದ ಬಗ್ಗೆ ಜಗಳವಾದರೆ ಕೊನೆಯ ಮಾತು ಯಾರದ್ದು? ಇಲ್ಲಿ ಕ್ರೈಸ್ತರೇ ಎರಡು ಕಡೆ. ಬೈಬಲನ್ನು ಬೈಬಲೇ ಬಿಡಿಸಬೇಕು, ತೊಡಕಿನ ಮಾತನ್ನು ತಿಳಿಯಾದ ಮಾತಿನ ಬೆಳಕಿನಲ್ಲಿ ಓದಬೇಕು ಅನ್ನುವುದು ಲೂಥರ್ ಕಾಲದಿಂದ ಪ್ರೊಟೆಸ್ಟೆಂಟರ ಹಟ. ಕಥೋಲಿಕರು ಅದನ್ನು ಒಪ್ಪಿಯೂ, ಕ್ರೈಸ್ತ ಸಭೆಯ ಪರಂಪರೆ ಮತ್ತು ಪೋಪ್, ಬಿಷಪರ ಬೋಧನಾಧಿಕಾರ ಜೊತೆಗಿರಬೇಕು ಅನ್ನುತ್ತಾರೆ. ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದೇಯಿ ವೆರ್ಬುಮ್ ಎಂಬ ದಾಖಲೆ ಇದನ್ನು 12ನೇ ಪರಿಚ್ಛೇದದಲ್ಲಿ ಹೇಳುತ್ತದೆ. ಬರೆದವನ ಉದ್ದೇಶ ನೋಡಿ, ಬರಹದ ಪ್ರಕಾರ ನೋಡಿ, ಇಡೀ ಗ್ರಂಥದ ಒಗ್ಗಟ್ಟು ನೋಡಿ, ಸಭೆಯ ಜೀವಂತ ಪರಂಪರೆ ನೋಡಿ. ಮಂಗಳೂರಿನಲ್ಲಿ ಜೆಪ್ಪುವಿನ ಸೆಮಿನರಿಯೂ ಬಲ್ಮಠದ ದೇವಶಾಸ್ತ್ರ ಕಾಲೇಜೂ ಒಂದೇ ಊರಿನಲ್ಲಿವೆ. ಈ ಪಟ್ಟಿಯ ಮೊದಲ ಮೂರರಲ್ಲಿ ಎರಡೂ ಕಡೆಯವರಿಗೆ ಜಗಳವಿಲ್ಲ.

ನಾನು ಪ್ರೊಟೆಸ್ಟೆಂಟ್. ಆದರೂ ಒಬ್ಬನೇ ಕೂತು ಓದಿದರೆ ಸಾಕು ಅನ್ನುವುದನ್ನು ನಂಬುವುದಿಲ್ಲ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಯನ್ನು ಫಿಲಿಪ್ಪ ಕೇಳುತ್ತಾನೆ, ಓದುವುದು ತಿಳಿಯುತ್ತದಾ? ಯಾರಾದರೂ ತಿಳಿಸದೆ ಹೇಗೆ ತಿಳಿದೀತು ಅನ್ನುತ್ತಾನೆ ಆತ. ಪೌಲನ ಪತ್ರಗಳಲ್ಲಿ ಅರ್ಥವಾಗುವುದಕ್ಕೆ ಕಷ್ಟದ ಮಾತುಗಳಿವೆ ಅಂತ ಪೇತ್ರನ ಎರಡನೇ ಪತ್ರದಲ್ಲೇ, 3:16ರಲ್ಲಿ, ಬರೆದಿದೆ. ಅದನ್ನು ಓದಿದಾಗ ನನಗೆ ದೊಡ್ಡ ಸಮಾಧಾನ.

ಒಂದು ಪರೀಕ್ಷೆ ಮಾತ್ರ ಎಲ್ಲರಿಗೂ ಸಮ. ದೇವರ ಮೇಲೆ, ನೆರೆಯವರ ಮೇಲೆ ಪ್ರೀತಿ ಕಟ್ಟದ ಅರ್ಥ ಹೇಳಿದವನು ಶಾಸ್ತ್ರವನ್ನು ಇನ್ನೂ ತಿಳಿದಿಲ್ಲ ಅಂತ ಬಿಷಪ್ ಅಗಸ್ಟೀನ್ ಸುಮಾರು 1,600 ವರ್ಷದ ಹಿಂದೆ ಬರೆದ. ದಾಸರೇ ಯಜಮಾನರಿಗೆ ವಿಧೇಯರಾಗಿರಿ ಎಂಬ ವಚನವನ್ನು ಕಿತ್ತು, ಗುಲಾಮಗಿರಿಗೆ ದೇವರ ಒಪ್ಪಿಗೆ ಅಂತ ಪ್ರಸಂಗ ಮಾಡಿದವರಿದ್ದರು. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಇಸ್ರಾಯೇಲರು ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ಹೊರಬಂದ ಕಥೆಯನ್ನೇ ಕತ್ತರಿಸಿ ತೆಗೆದಿದ್ದರು. ಇಡೀ ಪುಸ್ತಕ ಕೊಟ್ಟರೆ ಏನಾಗುತ್ತದೆ ಅಂತ ಕತ್ತರಿಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಬೇಕರಿಯ ಫ್ರೇಮಿನ ಕಥೆ ಬಾಕಿ ಉಳಿಯಿತು. ಗೆಳೆಯನಿಗೆ ಬಿಲ್ದದನ ವಿಷಯ ಹೇಳಿದೆ. ಅವನು ಬನ್ ಕಟ್ಟುತ್ತಿದ್ದ ಕೈ ನಿಲ್ಲಿಸಿ ಫ್ರೇಮ್ ನೋಡಿದ. "ಎಂತ ಮಾರಾಯಾ, ಮೊದಲೇ ಹೇಳಬಾರದಾ? ಈಗ ತೆಗೀಬೇಕಾ?" ಅಂದ. ತೆಗಿ ಅನ್ನಲು ಬಾಯಿ ತೆರೆದವನು ತಡೆದೆ. ಯೋಬನ ಪುಸ್ತಕದ 42:12ರಲ್ಲಿ, ಕಥೆ ಹೇಳುವವನೇ ತನ್ನ ಬಾಯಿಂದ, ಯೆಹೋವನು ಯೋಬನ ಕೊನೆಯ ಸ್ಥಿತಿಯನ್ನು ಮೊದಲಿನದಕ್ಕಿಂತ ಹೆಚ್ಚು ಆಶೀರ್ವದಿಸಿದನು ಎಂಬ ಅರ್ಥದಲ್ಲಿ ಬರೆದಿದ್ದಾನೆ. ಬಿಲ್ದದ ಹೇಳಿದ್ದು ನಡೆದೇ ಹೋಯಿತು. ಆದರೆ ಅವನು ಕೊಟ್ಟ ಕಾರಣಕ್ಕಲ್ಲ. ಯೋಬ ಗೆಳೆಯರ ಮಾತು ಕೇಳಿ ತಪ್ಪೊಪ್ಪಿಕೊಂಡದ್ದಕ್ಕೂ ಅಲ್ಲ, ಆ ಗೆಳೆಯರಿಗಾಗಿಯೇ ಪ್ರಾರ್ಥಿಸಿದ ಮೇಲೆ.

ಫ್ರೇಮ್ ಹಾಗೆಯೇ ಇದೆ. ಕೆಳಗಿನ 8:7ರ ಮೇಲೆ ಬೇರೆ ಚೀಟಿ ಅಂಟಿಸಿ 42:12 ಅಂತ ಬರೆದಿದ್ದಾನೆ. ಬಣ್ಣ ಸ್ವಲ್ಪ ಹೊಂದಿಲ್ಲ.